ಬಲಗಡೆಯ ಬಿಳಿ ಚುಕ್ಕೆ

ಆ ಶುಕ್ರವಾರ ಮಧ್ಯಾಹ್ನ ಮೇಡಂ ಎಂದಿನಂತೆ ಪೊರಕೆಕಡ್ಡಿ ಹಿಡಿದು ಪರದೆಯ ಮುಂದೆ ನಿಂತಿದ್ದರು. ಬೆಳಕಿನ ಪಾಯಿಂಟರ್ ಕೆಟ್ಟು ಎರಡು ವರ್ಷವಾಗಿತ್ತು. ಹೊಸದು ತರಿಸೋಣವೆಂದು ಆಫೀಸಿನವರು ಕೇಳಿದಾಗೆಲ್ಲ, "ಕಡ್ಡಿಗೆ ಸೆಲ್ ಹಾಕೋ ತಾಪತ್ರಯ ಇಲ್ಲ, ಇದೇ ಇರಲಿ" ಎನ್ನುತ್ತಿದ್ದರು. ಪರದೆಯ ಮೇಲೆ ಯಾರದೋ ಮಿದುಳಿನ ಚಿತ್ರವಿತ್ತು. ಎದುರಿಗೆ ಬೇರೆ ಬೇರೆ ಊರುಗಳಿಂದ ಎರಡು ವಾರದ ತರಬೇತಿಗೆ ಬಂದ ಹದಿನಾಲ್ಕು ಜನ ಕೂತಿದ್ದರು. ಮಿದುಳಿನ ಸ್ಕ್ಯಾನ್ ಚಿತ್ರಗಳನ್ನು ಓದುವುದು, ಅಳೆಯುವುದು, ಅವುಗಳಿಂದ ಏನು ಹೇಳಬಹುದು ಏನು ಹೇಳಬಾರದು ಎಂದು ತಿಳಿಯುವುದು, ಇಷ್ಟನ್ನು ಕಲಿಸುವುದರಲ್ಲೇ ಮೇಡಂ ತಮ್ಮ ಇಡೀ ವೃತ್ತಿ ಕಳೆದವರು. ಕುದಾಪುರದ ಹುಲ್ಲುಗಾವಲಿನ ಪಕ್ಕ ಎದ್ದಿರುವ ಕ್ಯಾಂಪಸ್ಸುಗಳಲ್ಲಿ ಒಂದಕ್ಕೆ ಅವರು ಬಂದು ಆರು ವರ್ಷವಾಗಿತ್ತು. ಆರು ವರ್ಷವೂ ನಾನು ಅವರ ಸಹಾಯಕಿ. ಆ ತಿಂಗಳ ಕೊನೆಗೆ ಅವರು ನಿವೃತ್ತರಾಗುವವರಿದ್ದರು.

"ಮಾತ್ರೆ ಅಂಟಿಸೋದನ್ನ ಇವಳು ತೋರಿಸ್ತಾಳೆ. ನನ್ನ ಮಾತು ಕೇಳೋದಕ್ಕಿಂತ ಇವಳ ಕೈ ನೋಡಿ" ಎಂದು ನನ್ನನ್ನು ಮುಂದಕ್ಕೆ ಕರೆದರು.

ಮಾತ್ರೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮಿದುಳಿನ ಎಡ ಅರ್ಧ, ಬಲ ಅರ್ಧ ನೋಡುವುದಕ್ಕೆ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಮಷೀನಿನಿಂದ ಕಂಪ್ಯೂಟರಿಗೆ, ಅಲ್ಲಿಂದ ಇನ್ನೊಂದು ಕಂಪ್ಯೂಟರಿಗೆ ಹೋಗುವಾಗ ಚಿತ್ರದ ಎಡಬಲ ಕೆಲವೊಮ್ಮೆ ಅದಲುಬದಲಾಗಿಬಿಡುತ್ತದೆ. ಬರಿಗಣ್ಣಿಗೆ ಅದು ಗೊತ್ತಾಗುವುದಿಲ್ಲ. ಅದಕ್ಕೆ ಸ್ಕ್ಯಾನಿಗೆ ಮಲಗುವವರ ಬಲಗಿವಿಯ ಮೇಲೆ ವಿಟಮಿನ್ ಎಣ್ಣೆ ತುಂಬಿದ ಒಂದು ಮಾತ್ರೆಯನ್ನು ಪ್ಲಾಸ್ಟರ್ ಹಾಕಿ ಅಂಟಿಸುತ್ತಿದ್ದೆವು. ಯಾವ ಮೆಡಿಕಲ್ ಸ್ಟೋರಿನಲ್ಲಾದರೂ ಸಿಗುವ ಮಾತ್ರೆ ಅದು. ಚಿತ್ರದಲ್ಲಿ ಬಿಳಿ ಚುಕ್ಕೆಯಾಗಿ ಬರುತ್ತದೆ. ಚುಕ್ಕೆ ಯಾವ ಕಡೆ ಇದೆಯೋ ಆ ಕಡೆ ಬಲ. ಕಂಪ್ಯೂಟರ್ ಒಂದು ಹೇಳಿ ಚುಕ್ಕೆ ಇನ್ನೊಂದು ಹೇಳಿದರೆ ಚುಕ್ಕೆಯನ್ನೇ ನಂಬಬೇಕು. ಇದು ಮೇಡಂ ಅವರ ಕಾನೂನು.

ನಾನು ಒಬ್ಬ ವಿದ್ಯಾರ್ಥಿಯನ್ನು ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತು, ಎಷ್ಟೋ ಜನರಿಗೆ ಮಾಡಿದಂತೆ ಮಾತ್ರೆ ಅಂಟಿಸಿದೆ. ಮುಂದಿನ ಸಾಲಿನ ಹಾಸನದ ಹುಡುಗಿ ಕೈ ಎತ್ತಿದಳು.

"ಅಕ್ಕಾ, ನೀವು ಎದುರಿಗೆ ಕೂತಿದೀರಲ್ಲ, ಅದು ಅವರ ಎಡಕಿವಿ ಅಲ್ವಾ?"

ನಾನು ನೋಡಿದೆ. ಅದು ಎಡಕಿವಿಯೇ. ಕೈಯಲ್ಲಿದ್ದ ಪ್ಲಾಸ್ಟರಿನ ಸುರುಳಿ ಜಾರಿ ಕೆಳಗೆ ಬಿತ್ತು. ಅದನ್ನು ಎತ್ತಿಕೊಳ್ಳಲು ಬಗ್ಗಿದಾಗಲೇ ನನಗೆ ಮೊಳಕಾಲ್ಮುರಿನ ಹನ್ನೊಂದು ಜನ ನೆನಪಾದರು. ಮೇಲೆ ಎದ್ದವಳು ಏನು ಹೇಳಿದೆ ಗೊತ್ತೇ? "ಬೇಕಂತ್ಲೇ ತಪ್ಪು ಮಾಡ್ದೆ. ಯಾರು ಹಿಡೀತೀರಾ ನೋಡಣ ಅಂತ."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಮೇಡಂ ನಕ್ಕರು. "ನೋಡಿದ್ರಾ, ನಮ್ಮವಳ ಪಾಠ ನನ್ನ ಪಾಠಕ್ಕಿಂತ ಚೆನ್ನಾಗಿದೆ" ಎಂದರು.

ಸಂಜೆ ಅವರು ಬ್ಯಾಗು ತುಂಬಿಕೊಳ್ಳುವಾಗ ನಾನು ಬಾಗಿಲ ಹತ್ತಿರ ನಿಂತೇ ಇದ್ದೆ. ಚಳ್ಳಕೆರೆಗೆ ಹೋಗುವ ನನ್ನ ಬಸ್ಸಿಗೆ ಹೊತ್ತಾಗಿತ್ತು. ಅವರು ತಲೆ ಎತ್ತಿ, "ಏನಾದ್ರೂ ಹೇಳೋದಿತ್ತಾ?" ಎಂದು ಕೇಳಿದರು.

"ಏನಿಲ್ಲ ಮೇಡಂ."

"ಹಾಗಾದ್ರೆ ಸೋಮವಾರ ಸಿಗೋಣ."

ಶನಿವಾರ ಬೆಳಗ್ಗೆ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದಾಗ ಅವರು ಕುಸಿದುಬಿದ್ದರು. ಮಿದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೆ ಹೋದವು.

*

ನನ್ನ ತವರು ಮೊಳಕಾಲ್ಮುರಿನ ನೇಕಾರರ ಮನೆ. ಮೇಡಂ ಮಗ್ಗ ನೋಡಲೆಂದು ಮೊದಲ ಸಲ ಅಲ್ಲಿಗೆ ಬಂದಾಗ ನಾನೂ ತವರಿಗೆ ಬಂದಿದ್ದೆ, ಅಪ್ಪನ ಮಗ್ಗದಲ್ಲಿ ಕಡಿದ ಎಳೆ ಹುಡುಕಿ ಗಂಟು ಹಾಕುತ್ತಿದ್ದೆ. ಅವರು ಹಿಂದೆ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ಚೀಲದಿಂದ ಒಂದು ಕಾಗದ ತೆಗೆದರು. ಅದರಲ್ಲಿ ಬೂದು ಬಣ್ಣದ ಏನೋ ಇತ್ತು, ಅರ್ಧ ಕತ್ತರಿಸಿದ ಹೂಕೋಸಿನ ಹಾಗೆ. ನನ್ನ ಕೈಗೆ ಪೆನ್ಸಿಲ್ ಕೊಟ್ಟು, "ತೆಳು ಬೂದು ಎಲ್ಲಿ ಮುಗಿಯುತ್ತೆ, ದಟ್ಟ ಬೂದು ಎಲ್ಲಿ ಶುರುವಾಗುತ್ತೆ, ಅಷ್ಟಕ್ಕೆ ಗೆರೆ ಎಳಿ" ಎಂದರು. ಎಳೆದೆ. ಒಂದು ಕಡೆ ನಿಲ್ಲಿಸಿ, ಇಲ್ಲಿ ಗೊತ್ತಾಗುತ್ತಿಲ್ಲ ಎಂದೆ.

"ಎಷ್ಟು ಓದಿದೀಯಾ?"

"ಪಿಯುಸಿ ರೀ. ಒಂದು ಸಬ್ಜೆಕ್ಟ್ ಹೋಗೈತೆ."

"ಗೊತ್ತಾಗದ ಕಡೆ ನಿಲ್ಲಿಸಿದೆಯಲ್ಲ, ಅದನ್ನ ಕಲಿಸೋಕೆ ನನಗೆ ಎಂಎಸ್ಸಿ ಮಾಡಿದವರ ಜೊತೆ ಒಂದು ವರ್ಷ ಬೇಕಾಗುತ್ತೆ. ಕೆಲಸಕ್ಕೆ ಬರ್ತೀಯಾ?"

ಹಾಗೆ ನಾನು ಹೋದೆ.

ತರಬೇತಿಯ ಮೊದಲ ದಿನ ಅವರು ಯಾರಿಗೂ ಕಂಪ್ಯೂಟರ್ ಮುಟ್ಟಲು ಬಿಡುತ್ತಿರಲಿಲ್ಲ. ಪರಶುರಾಂಪುರದ ಈರುಳ್ಳಿ ಒಂದು ಬುಟ್ಟಿ ತರಿಸಿ, ತಲೆಗೊಂದು ಈರುಳ್ಳಿ, ಒಂದು ಚಾಕು ಕೊಡುತ್ತಿದ್ದರು. ಒಬ್ಬರು ಅಡ್ಡ ಕೊಯ್ಯಬೇಕು, ಒಬ್ಬರು ಉದ್ದ, ಇನ್ನೊಬ್ಬರು ಓರೆಯಾಗಿ. ಒಬ್ಬರಿಗೆ ಬಳೆ ಕಾಣುತ್ತಿತ್ತು, ಇನ್ನೊಬ್ಬರಿಗೆ ದೀಪದ ಕುಡಿಯಂಥ ಆಕಾರ. "ಈರುಳ್ಳಿ ಒಂದೇ, ಕೊಯ್ದಿದ್ದು ನೀವು. ನಾಳೆಯಿಂದ ಚಿತ್ರದಲ್ಲಿ ಏನಾದ್ರೂ ಕಂಡರೆ ಮೊದಲು ಕೇಳಿಕೊಳ್ಳಿ, ಇದು ಅವರ ತಲೆಯಲ್ಲಿ ಇದ್ದಿದ್ದಾ, ನಾನು ಕೊಯ್ದ ರೀತಿಗೆ ಬಂದಿದ್ದಾ?" ಅಷ್ಟರಲ್ಲಿ ಇಡೀ ಕ್ಲಾಸು ಕಣ್ಣೊರೆಸಿಕೊಳ್ಳುತ್ತಿತ್ತು. "ಅಳೋದಿದ್ರೆ ಇವತ್ತೇ ಅತ್ತುಬಿಡಿ" ಎನ್ನುತ್ತಿದ್ದರು. ಆ ಈರುಳ್ಳಿಯನ್ನೆಲ್ಲ ಕ್ಯಾಂಟೀನಿಗೆ ಕೊಟ್ಟು ಮಧ್ಯಾಹ್ನಕ್ಕೆ ಮಂಡಕ್ಕಿ ಒಗ್ಗರಣೆ ಮಾಡಿಸುವುದು ನನ್ನ ಕೆಲಸ.

ಎರಡನೇ ದಿನ ಎಲ್ಲರೂ ನೆಲದ ಮೇಲೆ ಚಾಪೆ ಹಾಸಿ ಮಲಗಬೇಕಿತ್ತು. ಮಷೀನಿನ ಡಬಡಬ ಶಬ್ದವನ್ನು ಸ್ಪೀಕರಿನಲ್ಲಿ ಹಾಕುತ್ತಿದ್ದರು. ಇಪ್ಪತ್ತು ನಿಮಿಷ ಅಲುಗಾಡುವಂತಿಲ್ಲ, ಕೆರೆದುಕೊಳ್ಳುವಂತಿಲ್ಲ. ಎದ್ದ ಮೇಲೆ ಹೇಳುತ್ತಿದ್ದರು: "ನೀವು ಫೈಲು ಅಂತೀರಲ್ಲ, ಅದು ಇದು. ಯಾರೋ ನಮಗೋಸ್ಕರ ಹೀಗೆ ಮಲಗಿದ್ರು." ಮಸುಕಾದ ಚಿತ್ರ ಬಂದರೆ ಅವರು ಕೆಟ್ಟ ಚಿತ್ರ ಎನ್ನುತ್ತಿರಲಿಲ್ಲ. "ಪಾಪ, ಕೆಮ್ಮು ಬಂದಿದೆ ಅವರಿಗೆ" ಎನ್ನುತ್ತಿದ್ದರು.

ಇಷ್ಟು ಓದಿದರೆ ಅವರು ಮೃದು ಸ್ವಭಾವದವರೆಂದು ಅನ್ನಿಸಬಹುದು. ನನಗೆ ಅವರೆಂದರೆ ಹೆದರಿಕೆ ಇತ್ತು. ಒಂದು ಸಲ ಒಬ್ಬ ವಿದ್ಯಾರ್ಥಿ ಬಹಳ ಅಂದವಾದ ಫಲಿತಾಂಶ ತಂದು ತೋರಿಸಿದ. ಮೇಡಂ ಚಿತ್ರಗಳನ್ನು ಎಣಿಸಿದರು. ಒಂದು ಕಡಿಮೆ ಇತ್ತು.

"ಒಬ್ಬರು ಎಲ್ಲಿ ಹೋದ್ರು?"

"ತೆಗೆದೆ ಮೇಡಂ. ಉಳಿದವರ ಜೊತೆ ಹೊಂದಿಕೆ ಆಗ್ತಿರಲಿಲ್ಲ."

"ಹೊಂದಿಕೆ ಆಗದವರನ್ನೆಲ್ಲ ಊರು ಬಿಡಿಸ್ತೀಯಾ?"

ಅವನಿಗೆ ಆ ದಿನ ಊಟಕ್ಕೆ ಬಿಡಲಿಲ್ಲ. ತೆಗೆದವರನ್ನು ಒಳಗೆ ಸೇರಿಸಿ ಮೊದಲಿನಿಂದ ಮಾಡಿಸಿದರು. ಫಲಿತಾಂಶದ ಅಂದವೆಲ್ಲ ಹೋಯಿತು. "ಈಗ ನಿಜ ಆಯ್ತು. ಹೋಗು, ಉಣ್ಣು" ಎಂದರು. ಆಮೇಲೆ ಅವನನ್ನೇ ತಮ್ಮ ಜೊತೆ ಕೆಲಸಕ್ಕೆ ಇಟ್ಟುಕೊಂಡರು. ಈಗ ಅವರು ನಮಗೆಲ್ಲ ಸರ್. ಈ ಬರಹದಲ್ಲೂ ಅವರನ್ನು ಸರ್ ಎಂದೇ ಕರೆಯುತ್ತೇನೆ.

*

ಹನ್ನೊಂದು ಜನರ ತಪ್ಪು ಆಗಿದ್ದು ಹೀಗೆ.

ಮೇಡಂ ಮನಸ್ಸಿನಲ್ಲಿ ಬಹಳ ವರ್ಷಗಳಿಂದ ಒಂದು ಪ್ರಶ್ನೆ ಇತ್ತು. ಬಲಗೈಯನ್ನೇ ಹೆಚ್ಚು ಬಳಸುವವರ ಮಿದುಳಿನಲ್ಲಿ ಕೈ ಆಡಿಸುವ ಜಾಗ ಎಡಬದಿಯಲ್ಲಿ ಸ್ವಲ್ಪ ದೊಡ್ಡದಿರುತ್ತದಂತೆ. ಹಾಗಿದ್ದರೆ ಲಾಳಿಯನ್ನು ಈ ಕೈಯಿಂದ ಆ ಕೈಗೆ ಎಸೆಯುತ್ತ ನಲವತ್ತು ವರ್ಷ ನೇಯ್ದವರಲ್ಲಿ ಎರಡೂ ಬದಿ ಸಮ ಆಗಿರಬಹುದೇ? ಅದನ್ನು ತಿಳಿಯಲು ಮೊಳಕಾಲ್ಮುರಿನ ಹಳೆಯ ನೇಕಾರರನ್ನು ಒಪ್ಪಿಸಿ, ವ್ಯಾನಿನಲ್ಲಿ ಚಳ್ಳಕೆರೆಯ ಒಂದು ಸ್ಕ್ಯಾನಿಂಗ್ ಸೆಂಟರಿಗೆ ಭಾನುವಾರ ಭಾನುವಾರ ಕರೆತರುತ್ತಿದ್ದೆವು. ಅವರನ್ನು ಒಪ್ಪಿಸುವುದೂ ಮಾತ್ರೆ ಅಂಟಿಸುವುದೂ ನನ್ನ ಪಾಲಿನದು.

ಮೊದಮೊದಲು ನಾನು ಕುರ್ಚಿಯ ಹಿಂದೆ ನಿಂತು ಅಂಟಿಸುತ್ತಿದ್ದೆ. ಒಂದು ಭಾನುವಾರ ನಮ್ಮ ಬೀದಿಯ ಅಜ್ಜಿಯೊಬ್ಬರು ಗಲಾಟೆ ಮಾಡಿದರು.

"ಹಿಂದೆ ನಿಂತ್ಕಂಡು ತಲೆ ಹಿಡೀತೀಯಲ್ಲೇ, ನಾನೇನು ಕುರಿನಾ ಉಣ್ಣೆ ಕತ್ತರ್ಸಾಕೆ? ಮುಂದೆ ಬಾ, ನಿನ್ ಮುಖ ನೋಡ್ತೀನಿ."

ಮೇಡಂ ಬಿದ್ದು ಬಿದ್ದು ನಕ್ಕರು. "ಅಜ್ಜಿ ಹೇಳೋದು ಸರಿ ಇದೆ. ಎದುರಿಗೆ ಕೂತು ಮಾತಾಡಿಸ್ತಾ ಅಂಟಿಸು. ಭಯ ಹೋಗುತ್ತೆ" ಎಂದರು. ನಾನು ಸ್ಟೂಲ್ ಎಳೆದುಕೊಂಡು ಎದುರಿಗೆ ಕೂತೆ. ಹಿಂದೆ ನಿಂತಾಗ ನನ್ನ ಬಲಗೈ ಅವರ ಬಲಗಿವಿಗೆ ಹೋಗುತ್ತಿತ್ತು. ಎದುರಿಗೆ ಕೂತಾಗಲೂ ನನ್ನ ಬಲಗೈ ಹೋದ ಕಡೆಯೇ ಅಂಟಿಸಿದೆ. ಅದು ಅವರ ಎಡಕಿವಿ. ಅಜ್ಜಿಯಿಂದ ಶುರುವಾಗಿ ಕೊನೆಯವರೆಗೆ ಹನ್ನೊಂದು ಜನ.

ಆ ಚಿತ್ರಗಳು ಬಂದಾಗ ಕಂಪ್ಯೂಟರ್ ಹೇಳುವ ಬಲಕ್ಕೂ ಬಿಳಿ ಚುಕ್ಕೆಗೂ ತಾಳೆಯಾಗಲಿಲ್ಲ. ಸರ್ ಅದನ್ನು ಗಮನಿಸಿದರು.

"ಮಾತ್ರೆಯೇ ತಪ್ಪಿರಬಹುದಾ ಮೇಡಂ?"

ನಾನು ಅಲ್ಲೇ ಕೂತಿದ್ದೆ. ಮೇಡಂ ನನ್ನ ಕಡೆ ನೋಡಲೂ ಇಲ್ಲ. "ಕಂಪ್ಯೂಟರ್ ಹಿಂದೆ ಒಂದು ಸಲ ನಮಗೆ ಸುಳ್ಳು ಹೇಳಿದೆ. ಇವಳು ಯಾವತ್ತೂ ಹೇಳಿಲ್ಲ. ತಿರುಗಿಸು" ಎಂದರು. ಸರ್ ಹನ್ನೊಂದೂ ಚಿತ್ರಗಳ ಎಡಬಲ ತಿರುಗಿಸಿದರು. ನನಗೆ ಹೆಮ್ಮೆಯಾಯಿತು. ಮನೆಗೆ ಹೋಗಿ ಗಂಡನಿಗೂ ಹೇಳಿದೆ.

ಎಲ್ಲ ಅಳೆದು ಮುಗಿದಾಗ ನೇಕಾರರಲ್ಲಿ ಎರಡೂ ಬದಿ ಸಮವಾಗಿ ಬಂದವು. ಬಾರದೆ ಏನು? ಗುಂಪಿನ ಅರ್ಧದಷ್ಟು ಜನರ, ಅಂದರೆ ಆ ಹನ್ನೊಂದು ಜನರ, ಎಡಬಲ ತಿರುಗಿಸಿಟ್ಟು ಸರಾಸರಿ ತೆಗೆದರೆ ವ್ಯತ್ಯಾಸ ತಾನಾಗಿಯೇ ಕರಗಿಹೋಗುತ್ತದೆ. ಆದರೆ ಆಗ ಅದು ನಮಗೆ ತಿಳಿಯಲಿಲ್ಲ. ಆ ಸಂಜೆ ಮೇಡಂ ಕ್ಯಾಂಪಸ್ಸಿನ ಬೇಲಿಯವರೆಗೆ ನಡೆದುಹೋಗಿ ಒಬ್ಬರೇ ನಿಂತಿದ್ದು ನೋಡಿದ್ದೇನೆ. ವಾಪಸ್ಸು ಬಂದು, "ಇಷ್ಟು ವರ್ಷ ಬೇರೆಯವರ ಪ್ರಶ್ನೆಗೆ ಚಿತ್ರ ಓದೋದು ಕಲಿಸಿದೆ. ನನ್ನ ಸ್ವಂತದ್ದು ಅಂತ ಇದೊಂದು ಪ್ರಶ್ನೆ" ಎಂದರು. ನಿವೃತ್ತಿಗೆ ಮುಂಚೆ, ಆ ಶುಕ್ರವಾರದಿಂದ ಮೂರು ವಾರಕ್ಕೆ, ಒಂದು ದೊಡ್ಡ ಸಭೆಯಲ್ಲಿ ಅವರು ಅದನ್ನು ಓದಬೇಕಿತ್ತು.

*

ಮಂಗಳವಾರ ದಾವಣಗೆರೆಯ ಆಸ್ಪತ್ರೆಗೆ ಹೋದೆ. ಹೋಗುವಾಗ ಬಸ್ಸಿನಲ್ಲಿ ಗಂಡ ಫೋನ್ ಮಾಡಿ, "ಕಾಯಿಲೆ ಬಿದ್ದೋರ ಹತ್ರ ಅದ್ನ ಹೇಳ್ಬ್ಯಾಡ. ಇರೋ ಜೀವ ಹೋದಾತು" ಎಂದರು. ಅವರು ಹೇಳಿದ್ದು ತಪ್ಪೇನಲ್ಲ. ಆದರೆ ಹೇಳದಿದ್ದರೆ ಆ ಸುಳ್ಳು ಮೇಡಂ ಹೆಸರಿನಲ್ಲೇ ಹೊರಗೆ ಹೋಗುತ್ತಿತ್ತು. ತೆಗೆದುಹಾಕಿದ ಒಂದು ಚಿತ್ರಕ್ಕಾಗಿ ಒಬ್ಬನ ಊಟ ತಪ್ಪಿಸಿದವರ ಹೆಸರಿನಲ್ಲಿ.

ಒಳಗೆ ಹತ್ತು ನಿಮಿಷ ಬಿಟ್ಟರು. ಮೇಡಂ ಕಣ್ಣು ತೆರೆದಿದ್ದರು. ಬಾಯಿ ಒಂದು ಕಡೆಗೆ ವಾಲಿತ್ತು. ನಾನು ಮಂಚದ ಪಕ್ಕ, ಅವರ ಮುಖದ ಎದುರಿಗೆ ಬರುವಂತೆ ಕೂತೆ.

"ಮೇಡಂ, ಅವತ್ತು ಕ್ಲಾಸಲ್ಲಿ ಬೇಕಂತ ಮಾಡಿದ್ದಲ್ಲ. ನಂಗೆ ಗೊತ್ತೇ ಇರ್ಲಿಲ್ಲ. ಮೊಳಕಾಲ್ಮುರಿನ ಹನ್ನೊಂದು ಜನಕ್ಕೂ ಹಂಗೇ ಎಡಕ್ಕೆ ಅಂಟ್ಸಿದೀನಿ. ಕಂಪ್ಯೂಟರ್ ಹೇಳಿದ್ದೇ ಸರಿ ಐತೆ. ನೀವು ನನ್ನ ನಂಬಿ ತಿರುಗಿಸಿಬಿಟ್ರಿ."

ಅವರು ನನ್ನನ್ನೇ ನೋಡುತ್ತಿದ್ದರು. ಗಂಟಲಿನಿಂದ ಒಂದು ಸದ್ದು ಬಂತು, ಮಾತಾಗಲಿಲ್ಲ. ಆಮೇಲೆ ಎಡಗೈ ಮೇಲೆ ಎತ್ತಿದರು. ನಿಧಾನವಾಗಿ ತಂದು ನನ್ನ ಕಿವಿಯ ಮೇಲೆ, ಮಾತ್ರೆ ಅಂಟಿಸುವ ಜಾಗದಲ್ಲಿ, ಬೆರಳು ಇಟ್ಟರು. ಅದು ನನ್ನ ಬಲಗಿವಿ. ಸ್ವಲ್ಪ ಹೊತ್ತು ಹಾಗೇ ಇಟ್ಟಿದ್ದರು. ನರ್ಸ್ ಬಂದು ಹೊತ್ತಾಯಿತೆಂದಳು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಮೇಡಂ ಅವರಿಗೆ ಅರ್ಥವಾಯಿತು, ಬಲ ಎಂದರೆ ಇದು ಎಂದು ತೋರಿಸಿದರು, ಎಂದುಕೊಂಡು ಅತ್ತೆ. ಅತ್ತು ಮುಗಿದ ಮೇಲೆ ಇನ್ನೊಂದು ಹೊಳೆಯಿತು. ಎದುರಿಗೆ ಕೂತವರ ಕಡೆ ಎಡಗೈ ಎತ್ತಿದರೆ ಅದು ಬೀಳುವುದೇ ಬಲಗಿವಿಯ ಮೇಲೆ. ಅವರಿಗೆ ಉಳಿದಿದ್ದು ಆ ಒಂದು ಕೈ. ನನ್ನ ಮುಖ ಕಂಡು ಸುಮ್ಮನೆ ತಲೆ ಸವರಲು ಬಂದಿರಲೂಬಹುದು.

ಮುಂದಿನ ಸೋಮವಾರ ಅವರು ತೀರಿಕೊಂಡರು.

*

ನಾಲ್ಕನೇ ದಿನ ಸರ್ ನಮ್ಮನ್ನೆಲ್ಲ ಕೂರಿಸಿಕೊಂಡು, ಸಭೆಯಲ್ಲಿ ಮೇಡಂ ಕೆಲಸವನ್ನು ತಾವೇ ಓದುವುದಾಗಿ ಹೇಳಿದರು. ಮೊದಲ ಪುಟದಲ್ಲಿ ಅವರ ಫೋಟೋ ಹಾಕಿದ್ದರು, ಪೊರಕೆಕಡ್ಡಿ ಹಿಡಿದಿದ್ದು. ಎಲ್ಲರೂ ಎದ್ದುಹೋದ ಮೇಲೆ ನಾನು ಹೇಳಿದೆ. ಸರ್ ನನ್ನ ಕಡೆ ಕುರ್ಚಿ ತಿರುಗಿಸಿದರು.

"ನೀವು ಬೇಜಾರಲ್ಲಿ ಏನೇನೋ ಯೋಚನೆ ಮಾಡ್ತಿದೀರಿ. ಆರು ತಿಂಗಳ ಹಿಂದೆ ಯಾವ ಕೈ ಎಲ್ಲಿ ಹೋಯ್ತು ಅಂತ ಯಾರಿಗೆ ನೆನಪಿರುತ್ತೆ?"

"ನಂಗೆ ನೆನಪೈತೆ ಸರ್."

"ಇದು ಅವರ ಕೊನೇ ಕೆಲಸ. ಅದನ್ನ ನಾನು ನಿಮ್ಮೊಬ್ಬರ ಮಾತಿನ ಮೇಲೆ ಕಿತ್ತುಹಾಕ್ಲಾ?"

"ನನ್ನೊಬ್ಬಳ ಮಾತಿನ ಮೇಲೇ ತಿರುಗಿಸಿದ್ದಲ್ವಾ ಸರ್?"

ಅವರಿಗೆ ಸಿಟ್ಟು ಬಂತು. ಎದ್ದು ಹೋದವರು ಒಂದು ಗಂಟೆಯ ಮೇಲೆ ವಾಪಸ್ಸು ಬಂದು, ಒಂದೊಂದೇ ಚಿತ್ರ ತೆರೆದರು. ಅಜ್ಜಿಯ ಚಿತ್ರದಲ್ಲಿ ನಿಲ್ಲಿಸಿದರು. ಬಿಳಿ ಚುಕ್ಕೆಯ ಸ್ವಲ್ಪ ಹಿಂದೆ, ಅದೇ ಕಡೆ, ತಲೆಯ ಚರ್ಮದಡಿ ಒಂದು ಸಣ್ಣ ಕೊಬ್ಬಿನ ಗಂಟು ಇತ್ತು.

"ಇದು ಯಾವ ಕಡೆ? ಬಲಕ್ಕಾ, ಎಡಕ್ಕಾ?"

ನನಗೆ ನೆನಪಿರಲಿಲ್ಲ. ಅಜ್ಜಿಯ ಕೂದಲು ದಟ್ಟ. ಗಂಟು ಬಲಕ್ಕಿದ್ದರೆ ಮಾತ್ರೆಯೂ ಬಲಕ್ಕೇ ಇತ್ತು, ಮೇಡಂ ಕೆಲಸ ಉಳಿಯುತ್ತದೆ. ಎಡಕ್ಕಿದ್ದರೆ ಇಲ್ಲ. ಅಲ್ಲಿಂದ ಇಬ್ಬರೂ ಕಾರಿನಲ್ಲಿ ಮೊಳಕಾಲ್ಮುರಿಗೆ ಹೊರಟೆವು. ಗಂಟು ಬಲಕ್ಕೇ ಇರಲಿ, ನಾನು ಹೇಳಿದ್ದೇ ಸುಳ್ಳಾಗಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ.

ಅಜ್ಜಿ ಜಗುಲಿಯ ಮೇಲೆ ಕೂತು ರೇಷ್ಮೆ ಎಳೆ ಸುತ್ತುತ್ತಿದ್ದರು. "ಏಮ್ಮಾ, ಮಳ್ಳಾ ವಚ್ಚಾವಾ?" ಎಂದು ತೆಲುಗಿನಲ್ಲಿ ನಕ್ಕು, ಸರ್ ಮುಖ ನೋಡಿ ಕನ್ನಡಕ್ಕೆ ಬಂದರು. "ಮತ್ತೆ ತಲೆ ಮುಟ್ಟಾಕೆ ಬಂದೀರಾ? ಎಲ್ಲಿ ನಿಮ್ ಮೇಡಮ್ಮು?"

ಹೇಳಿದೆ. ಎಳೆ ಸುತ್ತುವುದು ನಿಂತಿತು. "ಅಯ್ಯೋ ಶಿವನೇ. ಮಷೀನಾಗ ನನ್ ಕಾಲು ಹಿಡ್ಕಂಡು ನಿಂತಿದ್ಲಲ್ಲೋ, ನಾ ಹೆದ್ರಬಾರ್ದು ಅಂತ."

ಸರ್ ತಡವರಿಸುತ್ತ ಗಂಟಿನ ವಿಷಯ ಕೇಳಿದರು. "ಅದಾ? ಅದು ನಮ್ಮಪ್ಪ ಬಿಟ್ಟೋದ ಆಸ್ತಿ ಕಣಪ್ಪ. ಅವನ ತಲೆಯಾಗೂ ಇತ್ತು. ಪಾಲು ಕೇಳಾಕೆ ಬಂದ್ಯಾ?" ಎಂದು ತುರುಬು ಬಿಚ್ಚಿ, ತಲೆ ವಾಲಿಸಿ ಕೂದಲು ಸರಿಸಿದರು.

ಎಡಗಡೆ.

ಸರ್ ಅಜ್ಜಿಯ ಹಿಂದೆ ಹೋಗಿ ನಿಂತು, ತಮ್ಮ ಎಡಗೈ ಎತ್ತಿ, ತಾಳೆ ನೋಡಿದರು. ಆಮೇಲೆ ಜಗುಲಿಯ ಮೇಲೆ ಕೂತುಬಿಟ್ಟರು. ಅಜ್ಜಿ ನೀರು ತಂದುಕೊಟ್ಟರು.

ಸಾಲದೆಂದು ಸರ್ ಆ ಹನ್ನೊಂದು ಜನರಲ್ಲಿ ಇನ್ನೂ ಇಬ್ಬರಿಗೆ ಮತ್ತೆ ಸ್ಕ್ಯಾನ್ ಮಾಡಿಸಿದರು. ಹಳೆಯ ಚಿತ್ರದಲ್ಲಿ ಅವರ ಮಾತ್ರೆಯೂ ಎಡಕ್ಕೇ ಇತ್ತು. ಹನ್ನೊಂದೂ ಚಿತ್ರಗಳನ್ನು ಮೊದಲಿದ್ದ ಕಡೆಗೆ ತಿರುಗಿಸಿ, ನಾನು ಪಕ್ಕದಲ್ಲಿ ಕೂತು ಒಂದೊಂದನ್ನೂ ನೋಡಿ, ಮೊದಲಿನಿಂದ ಅಳೆದೆವು. ನೇಕಾರರಲ್ಲೂ ಎಲ್ಲರಂತೆ ಎಡಬದಿಯೇ ದೊಡ್ಡದಿತ್ತು. ಸಭೆಗೆ ಸರ್ ಹೋದರು. ಮೇಡಂ ಫೋಟೋ ತೋರಿಸಿ, ಅವರಿಗೆ ಹೀಗೊಂದು ಪ್ರಶ್ನೆ ಇತ್ತು, ಹೌದು ಎಂಬ ಉತ್ತರ ಬಂದಿತ್ತು, ನಮ್ಮ ಕಡೆಯ ತಪ್ಪಿನಿಂದ ಬಂದ ಉತ್ತರ ಅದು, ಎಂದು ಹೇಳಿ ಇಳಿದರಂತೆ. ನನ್ನ ಹೆಸರು ಹೇಳಲಿಲ್ಲ. ಕೆಲಸದಿಂದಲೂ ತೆಗೆಯಲಿಲ್ಲ. ಹೊಸ ತಂಡಕ್ಕೆ ಮಾತ್ರೆ ಅಂಟಿಸುವ ಪಾಠ ಈಗ ಪೂರ್ತಿ ನನ್ನದೇ. ಆದದ್ದನ್ನು ಆದ ಹಾಗೇ ಹೇಳುತ್ತೇನೆ.

ಎರಡು ವರ್ಷವಾಯಿತು. ಆ ದಿನ ಆಸ್ಪತ್ರೆಯಲ್ಲಿ ನಾನು ಹೇಳಿದ್ದು ಮೇಡಂ ಅವರಿಗೆ ತಿಳಿಯಿತೋ ಇಲ್ಲವೋ, ಅದು ಮಾತ್ರ ನನಗೆ ಗೊತ್ತಾಗಿಲ್ಲ.